ಸ್ಟ್ರಾಬೆರಿಗೂ ಒಂದು ಹೆಸರಿದೆ, ಕೇಳಿ ತನ್ನಿ

ಮಾವಿನ ಕಾಲದಲ್ಲಿ ನಮ್ಮಲ್ಲಿ ಯಾರೂ ಬರೀ ‘ಮಾವಿನಹಣ್ಣು ಕೊಡಿ’ ಎನ್ನುವುದಿಲ್ಲ. ರಸಪುರಿ ಬಂತೇ, ಬಾದಾಮಿ ಎಷ್ಟು, ಮಲಗೋವಾ ಯಾವಾಗ ಎಂದು ವಿಚಾರಿಸುತ್ತೇವೆ. ಉಪ್ಪಿನಕಾಯಿಗೆ ಅಪ್ಪೆಮಿಡಿಯೇ ಆಗಬೇಕು. ಬಾಳೆಹಣ್ಣು ಎಂದರೆ ಏಲಕ್ಕಿಯೋ, ಪಚ್ಚಬಾಳೆಯೋ, ನಂಜನಗೂಡು ರಸಬಾಳೆಯೋ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಬದನೆಕಾಯಿಗೂ ಉಡುಪಿ ಕಡೆ ಮಟ್ಟುಗುಳ್ಳ, ಮೈಸೂರು ಕಡೆ ಈರನಗೆರೆ ಎಂಬ ಹೆಸರುಗಳಿವೆ. ತಳಿಯ ಹೆಸರು ಹಿಡಿದೇ ರುಚಿಯನ್ನು ಕೇಳುವ ಜನ ನಾವು. ಆದರೆ ಸ್ಟ್ರಾಬೆರಿಯ ಪ್ಲಾಸ್ಟಿಕ್ ಡಬ್ಬಿಯ ಮುಂದೆ ನಿಂತಾಗ ನಮ್ಮ ಬಾಯಿಗೆ ಆ ಪ್ರಶ್ನೆ ಬರುವುದೇ ಇಲ್ಲ. ಕೆಂಪಗಿದೆಯೇ, ದಪ್ಪಗಿದೆಯೇ, ರೇಟೆಷ್ಟು ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ.

ಹಣ್ಣು ಕೊಳ್ಳುವಾಗ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಗಿಡ ಕೊಳ್ಳುವಾಗ ನಷ್ಟವಿದೆ. ಬೆಂಗಳೂರಿನ ತಾರಸಿಗಳಲ್ಲಿ, ಮೈಸೂರಿನ ಹಿತ್ತಿಲುಗಳಲ್ಲಿ, ಮಡಿಕೇರಿಯ ಅಂಗಳಗಳಲ್ಲಿ ಈಗ ಸ್ಟ್ರಾಬೆರಿ ಕುಂಡ ಇಡುವವರು ಬಹಳ ಮಂದಿ. ನರ್ಸರಿಗೆ ಹೋಗಿ ‘ಒಂದು ಸ್ಟ್ರಾಬೆರಿ ಗಿಡ ಕೊಡಿ’ ಎಂದು ಕೇಳಿ, ಕೊಟ್ಟದ್ದನ್ನು ತಂದು ನೆಡುತ್ತಾರೆ. ಗಿಡ ಹಸಿರಾಗಿ ಬೆಳೆಯುತ್ತದೆ, ಸುತ್ತ ಹಂಬು ಚಾಚುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಬಿಟ್ಟರೂ ನಾಲ್ಕು ಹುಳಿ ಹಣ್ಣು. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಬೇಸರಪಟ್ಟು ಮುಂದಿನ ವರ್ಷ ಆ ಕುಂಡಕ್ಕೆ ಮೆಣಸಿನ ಸಸಿ ಹಾಕುತ್ತಾರೆ. ಎಂಟು ವರ್ಷಗಳಿಂದ ತಾರಸಿಯಲ್ಲಿ ಈ ಗಿಡದೊಂದಿಗೆ ಒಡನಾಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇಷ್ಟು: ಬಹುಪಾಲು ಸಲ ತಪ್ಪು ಕೈಯದಲ್ಲ, ಗೊಬ್ಬರದ್ದೂ ಅಲ್ಲ. ಊರಿನ ಚಳಿಗೆ ಹೊಂದದ ತಳಿಯನ್ನು ಹೆಸರು ಕೇಳದೆ ತಂದದ್ದೇ ತಪ್ಪು.

ಸಂತೆಗೆ ಬೇಕಾದದ್ದು, ಮನೆಗೆ ಬೇಕಾದದ್ದು

ನಮ್ಮ ಪೇಟೆಗಳಿಗೆ ಬರುವ ಸ್ಟ್ರಾಬೆರಿಯಲ್ಲಿ ಹೆಚ್ಚಿನದು ಮಹಾರಾಷ್ಟ್ರದ ಮಹಾಬಲೇಶ್ವರ–ಪಂಚಗಣಿ ಬೆಟ್ಟಗಳದ್ದು. 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದ ಆ ಬೆಟ್ಟದಲ್ಲಿ ಮಳೆ ನಿಂತ ಮೇಲೆ ಸಸಿ ನೆಟ್ಟು, ಚಳಿಗಾಲವಿಡೀ ಹಣ್ಣು ಕೀಳುತ್ತಾರೆ. ಅಲ್ಲಿನ ರೈತನಿಗೆ ತಳಿ ಆರಿಸುವಾಗ ಮೊದಲ ಚಿಂತೆ ಪ್ರಯಾಣದ್ದು. ಹಣ್ಣು ಗಟ್ಟಿಯಾಗಿರಬೇಕು, ಲಾರಿಯ ಕುಲುಕಾಟ ತಡೆಯಬೇಕು, ಅಂಗಡಿಯಲ್ಲಿ ಎರಡು ದಿನ ಹೊಳೆಯಬೇಕು. ಅದಕ್ಕಾಗಿ ಹಣ್ಣು ಮುಕ್ಕಾಲು ಕೆಂಪಾದಾಗಲೇ ಕೀಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಮಾವನ್ನೋ ಬಾಳೆಯನ್ನೋ ಬಲಿತಾಗ ಕಿತ್ತು ಹುಲ್ಲಿನಲ್ಲಿಟ್ಟರೆ ಹಣ್ಣಾಗುತ್ತದೆ, ಸಿಹಿಯಾಗುತ್ತದೆ. ಸ್ಟ್ರಾಬೆರಿಗೆ ಆ ಗುಣವಿಲ್ಲ. ತೊಟ್ಟಿನಿಂದ ಬೇರಾದ ಗಳಿಗೆಗೆ ಅದರೊಳಗಿನ ಸಕ್ಕರೆಯ ಲೆಕ್ಕ ಮುಗಿಯಿತು. ಆಮೇಲೆ ಬಣ್ಣ ಸ್ವಲ್ಪ ಗಾಢವಾಗಬಹುದು, ಮೈ ಮೆತ್ತಗಾಗಬಹುದು, ಸಿಹಿ ಏರದು. ಡಬ್ಬಿಯ ಹಣ್ಣು ನೋಡಲು ಅಷ್ಟು ಚೆಂದವಿದ್ದೂ ಬಾಯಿಗಿಟ್ಟಾಗ ಹುಳಿಯಾಗುವುದಕ್ಕೆ ಇದೇ ಕಾರಣ.

ಮನೆಯ ಕುಂಡದಿಂದ ನಿಮ್ಮ ಬಾಯಿಗೆ ಇರುವ ದೂರ ಹತ್ತು ಹೆಜ್ಜೆ. ಅಷ್ಟು ದೂರಕ್ಕೆ ಗಟ್ಟಿ ಹಣ್ಣು ಏಕೆ ಬೇಕು? ತೊಟ್ಟಿನ ಬುಡದವರೆಗೂ ಕೆಂಪೇರುವ ತನಕ ಕಾಯಬಹುದು. ಮುಟ್ಟಿದರೆ ಗಾಯವಾಗುವಷ್ಟು ಮೆತ್ತನೆಯ, ಸಂತೆಗೆ ಎಂದೂ ಬಾರದ ಹಣ್ಣನ್ನೂ ಬೆಳೆದು ತಿನ್ನಬಹುದು. ಗಾತ್ರ, ಹೊಳಪು, ಬಾಳಿಕೆ ಇವು ವ್ಯಾಪಾರಿಯ ಅಳತೆಗೋಲು. ಪರಿಮಳ ಮತ್ತು ರುಚಿ ಮನೆಯವರ ಅಳತೆಗೋಲು. ತಳಿ ಆರಿಸುವ ಮೊದಲು ಈ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಬೇಕು.

ಐದು ಗಿಡಗಳ ಕಡಲ ಪಯಣ

ಇಂದು ನಾವು ತಿನ್ನುವ ದೊಡ್ಡ ಸ್ಟ್ರಾಬೆರಿ ಯಾವ ಕಾಡಿನಲ್ಲೂ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಯುರೋಪಿನ ತೋಟದಲ್ಲಿ, ಅದರ ತಂದೆತಾಯಿ ಎರಡೂ ಅಮೆರಿಕ ಖಂಡಗಳವು. ಫ್ರಾನ್ಸಿನ ಸೈನ್ಯದ ಎಂಜಿನಿಯರ್ ಅಮೆದೆ ಫ್ರಾಂಸ್ವಾ ಫ್ರೆಜಿಯೆ ಎಂಬಾತ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಸ್ಪೇನಿನವರ ಕೋಟೆಗಳನ್ನು ಗುಟ್ಟಾಗಿ ಅಳೆಯಲು ಹೋಗಿದ್ದ. ಅಲ್ಲಿನ ಜನ ಬೆಳೆಯುತ್ತಿದ್ದ ದೊಡ್ಡ ಹಣ್ಣಿನ ಸ್ಟ್ರಾಬೆರಿ ಕಂಡು ಬೆರಗಾಗಿ, 1714ರಲ್ಲಿ ಗಿಡಗಳನ್ನು ಹಡಗಿನಲ್ಲಿ ಊರಿಗೆ ತಂದ. ಕುಡಿಯುವ ನೀರಿಗೇ ಬರವಿದ್ದ ಆ ತಿಂಗಳುಗಟ್ಟಲೆಯ ಪಯಣದಲ್ಲಿ ಐದು ಗಿಡ ಬದುಕಿ ಉಳಿದವು.

ಆದರೆ ಅವು ಹಣ್ಣು ಬಿಡಲಿಲ್ಲ. ತಂದವೆಲ್ಲ ಹೆಣ್ಣು ಗಿಡಗಳೇ ಆಗಿದ್ದವು. ಮುಂದೆ ಬ್ರಿಟನಿ ಪ್ರಾಂತ್ಯದ ತೋಟಗಳಲ್ಲಿ ಅವುಗಳ ಪಕ್ಕ ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿ ನೆಟ್ಟಾಗಲೇ ಪರಾಗ ಕೂಡಿಬಂದು, ಹಿಂದೆಂದೂ ಕಾಣದ ಹಣ್ಣು ಹುಟ್ಟಿತು. ಆಂತ್ವಾನ್ ನಿಕೊಲಾ ದ್ಯುಶೆನ್ ಎಂಬ ತರುಣ ಸಸ್ಯವಿಜ್ಞಾನಿ 1766ರ ತನ್ನ ಪುಸ್ತಕದಲ್ಲಿ ಇದು ಆ ಎರಡರ ಮಿಶ್ರತಳಿ ಎಂದು ಬಿಡಿಸಿ ಹೇಳಿದ. ಅನಾನಸಿನ ಪರಿಮಳ ಹೋಲುವುದರಿಂದ ಅದಕ್ಕೆ ಅನನಾಸ ಎಂಬ ಹೆಸರೇ ಸೇರಿತು: ಫ್ರಗೇರಿಯ ಅನನಾಸ.

ಈ ಕಥೆ ಮನೆ ತೋಟದವರಿಗೆ ಎರಡು ಪಾಠ ಹೇಳುತ್ತದೆ. ಮೊದಲನೆಯದು, ಸ್ಟ್ರಾಬೆರಿ ಮೂಲತಃ ಮಿಶ್ರತಳಿ. ಅದರ ಕೋಶದಲ್ಲಿ ಏಳೇಳರ ಎಂಟು ಗುಂಪುಗಳಾಗಿ 56 ವರ್ಣತಂತುಗಳಿವೆ. ಹಾಗಾಗಿ ಬೀಜ ಬಿತ್ತಿದರೆ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಹೆಸರಿನ ತಳಿ ಬೇಕೆಂದರೆ ಹಂಬಿನಿಂದ, ಅಂದರೆ ನರ್ಸರಿಯವರು ರನ್ನರ್ ಎನ್ನುವ ಬಳ್ಳಿಯ ಗಿಣ್ಣಿನಲ್ಲಿ ಬೇರುಬಿಟ್ಟ ಮರಿಯಿಂದ, ಇಲ್ಲವೇ ಅಂಗಾಂಶ ಕೃಷಿಯ ಸಸಿಯಿಂದ ಮಾತ್ರ. ಎರಡನೆಯದು, ಹೊಸ ತಳಿಯೆಂದರೆ ಯಾವುದೋ ಒಂದು ಊರಿನ ಹವೆಗಾಗಿ ಮಾಡಿದ ಜೋಡಿ. ಆ ಊರಿನ ಹವೆಗೂ ನಿಮ್ಮ ಊರಿನ ಹವೆಗೂ ನೆಂಟಸ್ತನ ಇದೆಯೇ ಎಂದು ನೋಡಬೇಕು.

ಹಗಲಿನ ಉದ್ದ, ರಾತ್ರಿಯ ತಂಪು

ಸ್ಟ್ರಾಬೆರಿ ಬಗ್ಗೆ ಹೊರದೇಶಗಳ ಪುಸ್ತಕ ತೆರೆದರೆ ಮೊದಲು ಕಾಣುವುದು ಜೂನ್ ತಳಿಗಳು, ಸದಾ ಫಲ ಕೊಡುವ ತಳಿಗಳು ಎಂಬ ವಿಂಗಡಣೆ. ಈ ಹೆಸರುಗಳನ್ನು ನಂಬಿ ಇಲ್ಲಿ ಜೂನ್ ತಿಂಗಳಲ್ಲಿ ಹಣ್ಣಿಗೆ ಕಾದರೆ ಮಳೆಯ ನೀರು ಮಾತ್ರ ಸಿಕ್ಕೀತು. ಆ ವಿಂಗಡಣೆಯ ಹಿಂದಿರುವುದು ಹಗಲಿನ ಉದ್ದದ ಲೆಕ್ಕ. ಜೂನ್ ತಳಿಗಳು ಹಗಲು ಸುಮಾರು 14 ಗಂಟೆಗಿಂತ ಕಡಿಮೆಯಾದಾಗ, ಹವೆ ತಂಪಾದಾಗ, ಸುಳಿಯೊಳಗೆ ಹೂಮೊಗ್ಗು ಕಟ್ಟುತ್ತವೆ. ಲಂಡನ್ನಿನಲ್ಲಿ ಬೇಸಿಗೆಯ ಹಗಲು 16 ಗಂಟೆ ದಾಟುತ್ತದೆ. ಆಗ ಹಂಬು ಚಾಚುವ ಗಿಡ ಶರತ್ಕಾಲದಲ್ಲಿ ಮೊಗ್ಗು ಕಟ್ಟಿ, ಚಳಿಗಾಲವಿಡೀ ಮಲಗಿ, ಮರುವರ್ಷ ಜೂನಿನಲ್ಲಿ ಹಣ್ಣು ಕೊಡುತ್ತದೆ.

ಬೆಂಗಳೂರಿನ ಹಗಲು ನೋಡಿ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನಿನಲ್ಲಿ 13 ಗಂಟೆಗೆ ತುಸು ಕಡಿಮೆ. ವರ್ಷದ ಯಾವ ದಿನವೂ 14 ಗಂಟೆ ಮುಟ್ಟುವುದಿಲ್ಲ. ಸ್ಟ್ರಾಬೆರಿಯ ಲೆಕ್ಕದಲ್ಲಿ ನಮ್ಮ ಎಲ್ಲ ದಿನವೂ ‘ಚಿಕ್ಕ ಹಗಲೇ’. ಹಾಗಾದರೆ ವರ್ಷವಿಡೀ ಹೂ ಬಿಡಬೇಕಿತ್ತಲ್ಲ? ಬಿಡುವುದಿಲ್ಲ. ಹಗಲು ಚಿಕ್ಕದಿದ್ದರೂ ಸೆಕೆ ಹೆಚ್ಚಾದರೆ ಈ ತಳಿಗಳು ಮೊಗ್ಗು ಕಟ್ಟುವುದನ್ನು ಮರೆತು ಎಲೆ, ಹಂಬುಗಳಿಗೆ ಶಕ್ತಿ ಸುರಿಯುತ್ತವೆ. ಹಗಲು 20ರಿಂದ 25 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ ಅವಕ್ಕೆ ಸುಖ. ಎಂದರೆ, ನಮ್ಮ ನಾಡಿನಲ್ಲಿ ಸ್ಟ್ರಾಬೆರಿಯ ಗಡಿಯಾರ ಸೂರ್ಯನಲ್ಲ, ಚಳಿ. ತಳಿ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಎಷ್ಟು ಕಡಿಮೆ ಚಳಿಯಲ್ಲಿ, ಎಷ್ಟು ಬೇಗ ಇದು ಹೂ ಬಿಡುತ್ತದೆ?

ಇನ್ನೊಂದು ಗುಂಪಿದೆ, ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ತಳಿಗಳು. ಇವುಗಳ ಹಿಂದೆಯೂ ಒಂದು ಬೆಟ್ಟದ ಕಥೆಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ 1950ರ ದಶಕದಲ್ಲಿ ಯೂಟಾ ರಾಜ್ಯದ ವಾಸಾಚ್ ಬೆಟ್ಟಗಳಲ್ಲಿ ಒಂದು ಕಾಡು ಸ್ಟ್ರಾಬೆರಿ ಗಿಡ ಕಂಡರು. ಅದರ ಗುಣವನ್ನು ತೋಟದ ತಳಿಗಳಿಗೆ ಕೂಡಿಸುತ್ತಾ ಹೋಗಿ, 1980ರ ಹೊತ್ತಿಗೆ ಹಗಲಿನ ಹಂಗಿಲ್ಲದೆ ಹೂ ಬಿಡುವ ತಳಿಗಳು ಬೆಳೆಗಾರರ ಕೈ ಸೇರಿದವು. ಇವಕ್ಕೂ ಮಿತಿಯಿದೆ. ಹಗಲಿನ ಬಿಸಿ 30 ಡಿಗ್ರಿ ದಾಟಿದರೆ ಇವೂ ಹೂ ನಿಲ್ಲಿಸುತ್ತವೆ.

ತಳಿಗಳ ಪರಿಚಯ

ಈಗ ಹೆಸರುಗಳಿಗೆ ಬರೋಣ. ನಮ್ಮಲ್ಲಿ ಕೇಳಿದರೆ ಸಿಗಬಹುದಾದ, ಕೇಳಲೇಬೇಕಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಸ್ವೀಟ್ ಚಾರ್ಲಿ: ಮನೆ ತೋಟಕ್ಕೆ ನನ್ನ ಮೊದಲ ಆಯ್ಕೆ. ಫ್ಲಾರಿಡಾ ವಿಶ್ವವಿದ್ಯಾಲಯ 1990ರ ದಶಕದ ಆರಂಭದಲ್ಲಿ ಹೊರತಂದದ್ದು. ಫ್ಲಾರಿಡಾದ ಬೆಳೆಗಾರರು ಮಾಡುವುದು ಚಳಿಗಾಲದ ಬೆಳೆ, ಅದೂ ಬೆಚ್ಚಗಿನ ಚಳಿಗಾಲದ್ದು. ಹೀಗಾಗಿ ಅಲ್ಲಿನ ತಳಿಗಳಿಗೂ ನಮ್ಮ ಬಯಲುಸೀಮೆಯ ಹವೆಗೂ ಹತ್ತಿರದ ನೆಂಟಸ್ತನ. ಸ್ವೀಟ್ ಚಾರ್ಲಿ ಬೇಗ ಹೂ ಬಿಡುತ್ತದೆ. ಹಣ್ಣು ಕಿತ್ತಳೆ ಛಾಯೆಯ ಕೆಂಪು, ಹುಳಿ ಕಡಿಮೆ, ಮೈ ಮೆತ್ತಗೆ. ಲಾರಿಗೆ ಲಾಯಕ್ಕಿಲ್ಲದ ಆ ಮೆತ್ತನೆಯೇ ತಾರಸಿಯಲ್ಲಿ ವರ. ಹಣ್ಣು ಕೊಳೆಸುವ ಆಂಥ್ರಾಕ್ನೋಸ್ ಶಿಲೀಂಧ್ರವನ್ನು ತಡೆಯುವ ಶಕ್ತಿಯೂ ಇದಕ್ಕಿದೆ.

ವಿಂಟರ್ ಡಾನ್, ಫೆಸ್ಟಿವಲ್: ಇವೂ ಫ್ಲಾರಿಡಾದವೇ, 2000ದಿಂದೀಚೆಗೆ ಬಂದವು. ವಿಂಟರ್ ಡಾನ್ ಬಲು ಬೇಗ ಕಾಯಿ ಕಚ್ಚುತ್ತದೆ, ಹಣ್ಣು ದೊಡ್ಡದು, ರುಚಿ ಸಾಧಾರಣ. ಡಿಸೆಂಬರಿನಲ್ಲೇ ಮಕ್ಕಳಿಗೆ ಹಣ್ಣು ತೋರಿಸಬೇಕೆಂಬ ಅವಸರವಿದ್ದರೆ ಇದು ಸರಿ. ಫೆಸ್ಟಿವಲ್ ಗಟ್ಟಿ ಹಣ್ಣಿನ ತಳಿ. ಹಂಬು ಧಾರಾಳವಾಗಿ ಬಿಡುವುದರಿಂದ ಮರಿ ಮಾಡಿ ಹಂಚುವವರಿಗೆ ಅನುಕೂಲ.

ಕಮರೋಸಾ: ಕ್ಯಾಲಿಫೋರ್ನಿಯಾದ್ದು, ಮಹಾಬಲೇಶ್ವರದ ಹೊಲಗಳಲ್ಲಿ ಮನೆಮಾತು. ಗಿಡ ಜಬರ್ದಸ್ತು, ಹಣ್ಣು ದೊಡ್ಡದು, ಕಡುಗೆಂಪು, ಒಳಗೂ ಕೆಂಪು. ಪೂರ್ತಿ ಹಣ್ಣಾಗಲು ಬಿಟ್ಟರೆ ಒಳ್ಳೆಯ ರುಚಿ, ಅವಸರದಲ್ಲಿ ಕಿತ್ತರೆ ಹುಳಿ. ಜಾಮ್ ಮಾಡುವವರಿಗೆ ಇದರ ಬಣ್ಣಕ್ಕೆ ಸಾಟಿಯಿಲ್ಲ. ದೊಡ್ಡ ಕುಂಡ ಕೇಳುತ್ತದೆ ಎಂಬುದು ನೆನಪಿರಲಿ. ಮಹಾಬಲೇಶ್ವರದಲ್ಲಿ ಈಚೆಗೆ ನಬಿಲಾ ಎಂಬ ತಳಿಯೂ ಹೆಸರು ಮಾಡಿದೆ.

ಚಾಂಡ್ಲರ್: 1983ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಹಳೆಯ ತಳಿ. ಹಣ್ಣಿನ ಪರಿಮಳ ಇಂದಿಗೂ ಎಷ್ಟೋ ಹೊಸ ತಳಿಗಳಿಗಿಂತ ಮೇಲು. ಉತ್ತರ ಭಾರತದ ಬಯಲಿನಲ್ಲೂ ಬಹಳ ಬೆಳೆದಿದ್ದಾರೆ. ಮಳೆಗೆ ಮಾತ್ರ ಅಂಜುತ್ತದೆ, ಆಂಥ್ರಾಕ್ನೋಸಿಗೆ ಸುಲಭದ ತುತ್ತು. ನವೆಂಬರಿನ ಜಿಟಿಜಿಟಿ ಮಳೆಗೆ ಸೂರು ಕಟ್ಟಬಲ್ಲವರು ನೆಡಬಹುದು.

ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್: ಹಗಲಿನ ಹಂಗಿಲ್ಲದ ಗುಂಪಿನವು. ಆಲ್ಬಿಯನ್ ಹಣ್ಣು ಉದ್ದನೆಯ ಶಂಕುವಿನಂತೆ, ಗಟ್ಟಿಯಾಗಿಯೂ ಸಿಹಿಯಾಗಿಯೂ ಇರುವ ಅಪರೂಪದ್ದು. ಬೇರು, ಸುಳಿ ಕೊಳೆಸುವ ಮಣ್ಣಿನ ರೋಗಗಳನ್ನು ಚೆನ್ನಾಗಿ ತಡೆಯುತ್ತದೆ. ಒಮ್ಮೆಲೇ ರಾಶಿ ಕೊಡದೆ ವಾರಕ್ಕಿಷ್ಟು ಎಂದು ತಿಂಗಳುಗಟ್ಟಲೆ ಕೊಡುವ ಸ್ವಭಾವ. ಬೇಸಿಗೆಯೂ ತಂಪಾಗಿರುವ ಮಲೆನಾಡಿನ ಎತ್ತರಗಳಲ್ಲಿ ಇದರ ಗುಣ ಪೂರ್ತಿ ಕಾಣುತ್ತದೆ.

ಕೊನೆಯದಾಗಿ ಆಲ್ಪೈನ್ ಸ್ಟ್ರಾಬೆರಿ. ಇದು ಬೇರೆಯೇ ಜಾತಿ, ಫ್ರಗೇರಿಯ ವೆಸ್ಕ. ಫ್ರೆಜಿಯೆಯ ಗಿಡಗಳು ಬರುವ ಮೊದಲು ಯುರೋಪಿನವರು ಕಾಡಿನಿಂದ ಆಯ್ದು ತಿನ್ನುತ್ತಿದ್ದ ಪುಟ್ಟ ಹಣ್ಣು ಈ ಬಳಗದ್ದೇ. ಹಣ್ಣು ಹೆಬ್ಬೆರಳ ಉಗುರಿನಷ್ಟು, ಆದರೆ ನಾಲ್ಕು ಹಣ್ಣಿದ್ದರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಹಂಬು ಬಿಡುವುದಿಲ್ಲ, ಅರೆನೆರಳು ಸಹಿಸುತ್ತದೆ, ಬೀಜದಿಂದ ಬೆಳೆದರೂ ತಾಯಿಯಂತೆಯೇ ಬರುತ್ತದೆ. ಬಿಸಿಲು ಕಡಿಮೆಯಿರುವ ಬಾಲ್ಕನಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಒಂದು ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ನಮ್ಮ ದೇಶದ ತೋಟಗಾರಿಕೆಯ ಹಳೆಯ ತಳಿಪಟ್ಟಿಗಳಲ್ಲಿ ದಿಲ್‌ಪಸಂದ್, ಜಿಯೋಲಿಕೋಟ್, ಕತ್ರೈನ್ ಸ್ವೀಟ್, ಪೂಸಾ ಅರ್ಲಿ ಡ್ವಾರ್ಫ್ ಇವುಗಳ ಸಾಲಿನಲ್ಲಿ ‘ಬ್ಯಾಂಗಲೋರ್’ ಎಂಬ ಸ್ಟ್ರಾಬೆರಿಯೂ ಇದೆ. ನಮ್ಮ ಊರಿನ ಹೆಸರು ಹೊತ್ತ ತಳಿ! ನಾನು ಹೋದ ನರ್ಸರಿಗಳಲ್ಲೆಲ್ಲ ಆ ಹೆಸರು ಹೇಳಿ ವಿಚಾರಿಸಿದ್ದೇನೆ, ಒಂದು ಗಿಡವೂ ಕೈಗೆ ಸಿಕ್ಕಿಲ್ಲ. ಕೇಳುವವರಿಲ್ಲದ ಹೆಸರು ಪಟ್ಟಿಯಲ್ಲಿ ಉಳಿದೀತು, ತೋಟದಲ್ಲಿ ಉಳಿಯದು. ಯಾರ ಹಿತ್ತಿಲಲ್ಲಾದರೂ ಅಜ್ಜಿಯ ಕಾಲದ ಸ್ಟ್ರಾಬೆರಿ ಪಾತಿ ಇನ್ನೂ ಹಂಬು ಬಿಡುತ್ತಿದ್ದರೆ, ದಯವಿಟ್ಟು ಅದನ್ನು ಕಿತ್ತೆಸೆಯಬೇಡಿ.

ಊರಿಗೆ ತಕ್ಕ ತಳಿ

ಬೆಂಗಳೂರು, ಮೈಸೂರು, ಕೋಲಾರ, ತುಮಕೂರಿನ ಕಡೆ ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಸ್ವೀಟ್ ಚಾರ್ಲಿ, ವಿಂಟರ್ ಡಾನ್ ಇಲ್ಲಿಗೆ ಹೇಳಿ ಮಾಡಿಸಿದಂತಿವೆ. ಜೊತೆಗೆ ಕಮರೋಸಾ ಇಟ್ಟರೆ ಫೆಬ್ರುವರಿ ಕೊನೆಯವರೆಗೂ ಹಣ್ಣು ಕೀಳಬಹುದು. ಬೆಳಗಾವಿ, ಧಾರವಾಡದ ಚಳಿ ಇನ್ನೂ ತುಸು ಚುರುಕು, ಅಲ್ಲೂ ಇವೇ ತಳಿಗಳು ಸಾಕು. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದಲ್ಲಿ ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್‌ಗಳನ್ನು ಧೈರ್ಯವಾಗಿ ನೆಡಿ. ಅಲ್ಲಿನ ಶತ್ರು ಸೆಕೆಯಲ್ಲ, ಮಳೆ. ಜೂನಿನಿಂದ ಸೂರಿನಡಿ ಇಡಬೇಕು. ಕಲಬುರಗಿ, ಬೀದರ್, ವಿಜಯಪುರದಲ್ಲಿ ಚಳಿಗಾಲದ ರಾತ್ರಿ ತಂಪಿದ್ದರೂ ಹಗಲು ಬೇಗ ಕಾಯುತ್ತದೆ. ಬೇಗ ಹಣ್ಣು ಬಿಡುವ ತಳಿ ಮಾತ್ರ ಹಿಡಿದು, ಫೆಬ್ರುವರಿಗೆ ಮುಗಿಯುವ ಒಂದು ಋತುವಿನ ಬೆಳೆಯೆಂದೇ ತಿಳಿಯಬೇಕು.

ಕರಾವಳಿಯವರಿಗೆ ನೇರವಾಗಿ ಹೇಳುತ್ತೇನೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಬಹಳ ಕೆಳಗಿಳಿಯುವುದೇ ಅಪರೂಪ. ಯಾವ ತಳಿ ತಂದರೂ ಎಲೆಯ ಚೆಂದವೇ ಲಾಭ. ಅದೇ ಕುಂಡದಲ್ಲಿ ಹಿಪ್ಪುನೇರಳೆ ನೆಟ್ಟರೆ ಮಕ್ಕಳು ಬೆರಳೆಲ್ಲ ನೇರಳೆ ಮಾಡಿಕೊಂಡು ತಿನ್ನುತ್ತಾರೆ.

ಹಳದಿ ಹೂವಿನ ಮೋಸ

ಮೊದಲ ವರ್ಷ ನಾನೂ ಆನ್‌ಲೈನಿನಲ್ಲಿ ಬೀಜದ ಪೊಟ್ಟಣ ತರಿಸಿದ್ದೆ. ಮೇಲೆ ಮುಷ್ಟಿಗಾತ್ರದ ಕೆಂಪು ಹಣ್ಣಿನ ಚಿತ್ರ. ಸಸಿಗಳು ಹುಟ್ಟಿದವು, ಮೂರೆಲೆಯ ಗೊಂಚಲು, ಅಂಚಿನಲ್ಲಿ ಗರಗಸದ ಹಲ್ಲು, ಎಲ್ಲವೂ ಸರಿಯಾಗಿಯೇ ಇತ್ತು. ನೋಡನೋಡುತ್ತಾ ಕುಂಡ ತುಂಬಿ ನೆಲಕ್ಕೂ ಹಬ್ಬಿತು. ಕೊನೆಗೆ ಅರಳಿದ್ದು ಹಳದಿ ಹೂ. ಅದರ ಹಿಂದೆಯೇ ಮೇಲ್ಮುಖವಾಗಿ ನಿಂತ ದುಂಡನೆಯ ಕೆಂಪು ಹಣ್ಣು. ಆಸೆಯಿಂದ ಬಾಯಿಗಿಟ್ಟರೆ ನೀರಿನಷ್ಟೇ ರುಚಿ. ಅದು ಸ್ಟ್ರಾಬೆರಿಯ ವೇಷದ ಪೊಟೆಂಟಿಲ್ಲ ಇಂಡಿಕ ಎಂಬ ಬೇರೆ ಗಿಡ. ವಿಷವೇನಲ್ಲ, ಸ್ವಾದವೂ ಇಲ್ಲ. ಹಣ್ಣಿಗಾಗಿ ಬೆಳೆಯುವ ಸ್ಟ್ರಾಬೆರಿಯ ಹೂ ಬಿಳಿ, ಹಣ್ಣು ತಲೆ ತಗ್ಗಿಸಿ ನೇತಾಡುತ್ತದೆ. ಈ ಎರಡು ಗುರುತು ಸಾಕು.

ನೀಲಿ ಸ್ಟ್ರಾಬೆರಿಯ ಬೀಜವೆಂದು ಮಾರುವುದೂ ಇದೇ ಜಾಲ. ನೀಲಿ ಸ್ಟ್ರಾಬೆರಿ ಎಂಬುದೇ ಇಲ್ಲ, ಕಾಣುವುದೆಲ್ಲ ಬಣ್ಣ ತಿದ್ದಿದ ಚಿತ್ರ. ಬೀಜದಿಂದಲೇ ಬೆಳೆಸುವ ಆಸೆಯಿದ್ದರೆ ಆಲ್ಪೈನ್ ಜಾತಿಯದನ್ನು ನಂಬಿಕೆಯ ಅಂಗಡಿಯಿಂದ ತನ್ನಿ. ಬೀಜವನ್ನು ಎರಡು ಮೂರು ವಾರ ಫ್ರಿಜ್ಜಿನಲ್ಲಿಟ್ಟು, ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ. ಮೊಳೆಯಲು ಅದಕ್ಕೆ ಬೆಳಕು ಬೇಕು.

ಸಸಿ ತರುವಾಗ, ನೆಡುವಾಗ

ಗಣೇಶನ ಹಬ್ಬ ಕಳೆದು ದಸರೆ ಬರುವ ಹೊತ್ತು ಸಸಿ ತರಲು ಸಕಾಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನೊಳಗೆ ನೆಟ್ಟರೆ ಚಳಿ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಜನವರಿಯಲ್ಲಿ ಹಣ್ಣು ನೇತಾಡುವ ಗಿಡವನ್ನು ನರ್ಸರಿಯಲ್ಲಿ ನೋಡಿ ಮರುಳಾಗಿ ತಂದರೆ, ಆ ಹಣ್ಣು ತಿಂದು ಮುಗಿಸುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಸಸಿಯ ಎಲೆಗಿಂತ ಬುಡ ನೋಡಿ. ಎಲೆಗಳೆಲ್ಲ ಹೊರಡುವ ಸುಳಿಯ ಗಂಟು ಪೆನ್ಸಿಲಿನಷ್ಟಾದರೂ ದಪ್ಪವಿರಬೇಕು, ಬೇರು ಬಿಳಿಯಾಗಿರಬೇಕು, ಎಲೆಯಲ್ಲಿ ಕೆಂಪು ಚುಕ್ಕೆ ಇರಬಾರದು.

ನೆಡುವಾಗ ಆ ಸುಳಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಎಂಟು ಇಂಚು ಆಳದ ಕುಂಡ, ಗಿಡದಿಂದ ಗಿಡಕ್ಕೆ ಒಂದಡಿ, ದಿನಕ್ಕೆ ಆರು ಗಂಟೆ ಬಿಸಿಲು. ಕೆಮ್ಮಣ್ಣು, ತೊಳೆದ ಕೊಕೊಪೀಟ್, ಎರೆಗೊಬ್ಬರ ಸಮಸಮ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಮಣ್ಣು ತುಸು ಹುಳಿಯಿರಬೇಕು, ಪಿಎಚ್ 5.5ರಿಂದ 6.5. ಬೋರ್‌ವೆಲ್ಲಿನ ಗಡಸು ನೀರು ಈ ಗಿಡಕ್ಕೆ ಆಗದು. ಉಪ್ಪಿನಂಶ ಹೆಚ್ಚಾದರೆ ಎಲೆಯಂಚು ಸುಟ್ಟಂತಾಗುತ್ತದೆ. ಎಳೆಯ ಎಲೆಯಲ್ಲಿ ನರ ಹಸಿರಾಗಿ ಉಳಿದು ಮಧ್ಯ ಹಳದಿಯಾದರೆ ಕಬ್ಬಿಣದಂಶ ಸಿಗುತ್ತಿಲ್ಲವೆಂದರ್ಥ. ಮಳೆನೀರು ಹಿಡಿದಿಟ್ಟವರು ಅದನ್ನು ಸ್ಟ್ರಾಬೆರಿಗೆ ಮೀಸಲಿಡಿ. ಬುಡಕ್ಕೆ ಭತ್ತದ ಹುಲ್ಲು ಹಾಸಿದರೆ ಹಣ್ಣು ಮಣ್ಣಿಗೆ ತಾಗದೆ ಶುದ್ಧವಾಗಿರುತ್ತದೆ.

ಹಣ್ಣಿನ ಕಾಲ ಮುಗಿಯುವವರೆಗೆ ಹಂಬು ಬಂದಂತೆಲ್ಲ ಚಿವುಟಿ. ಫೆಬ್ರುವರಿಯ ಒಣ ಹವೆಯಲ್ಲಿ ಎಲೆಯಡಿ ಜೇಡನುಸಿ ಬಲೆ ಹೆಣೆಯುತ್ತದೆ, ಎಲೆ ತಿರುವಿ ನೀರು ಚಿಮುಕಿಸಿ ತೊಳೆಯಿರಿ. ಪಿಕಳಾರ, ಅಳಿಲುಗಳಿಗೆ ಹಣ್ಣು ಕೆಂಪಾಗುವುದು ನಮಗಿಂತ ಮೊದಲೇ ತಿಳಿಯುತ್ತದೆ. ಸೊಳ್ಳೆಪರದೆಯ ತುಂಡೊಂದನ್ನು ಹಣ್ಣು ಬಣ್ಣ ತಿರುಗುವಾಗ ಹೊದಿಸಿದರೆ ಸಾಕು. ಹೂವಿನ ಕಾಲದಲ್ಲಿ ಮಾತ್ರ ಪರದೆ ಬೇಡ.

ಏಕೆ ಬೇಡ ಎಂಬುದನ್ನು ಒಂದು ಹಣ್ಣು ಕೈಯಲ್ಲಿ ಹಿಡಿದೇ ನೋಡಬೇಕು. ಮೈಮೇಲೆ ಎಳ್ಳಿನಂತೆ ಅಂಟಿಕೊಂಡಿವೆಯಲ್ಲ, ನಾವು ಬೀಜ ಎನ್ನುವ ಆ 200ರಷ್ಟು ಕಾಳುಗಳು, ಸಸ್ಯಶಾಸ್ತ್ರದ ಪ್ರಕಾರ ಅವೇ ನಿಜವಾದ ಹಣ್ಣುಗಳು. ಒಳಗಿನ ಕೆಂಪು ತಿರುಳು ಹೂವಿನ ಪೀಠ ಉಬ್ಬಿದ್ದು. ಜೇನ್ನೊಣ ಬಂದು ಪರಾಗ ಮುಟ್ಟಿಸಿದ ಕಾಳು ತನ್ನ ಸುತ್ತಲಿನ ತಿರುಳನ್ನು ಬೆಳೆಸುತ್ತದೆ, ಮುಟ್ಟಿಸದ ಕಡೆ ತಿರುಳು ಚಪ್ಪಟೆಯಾಗಿಯೇ ಉಳಿಯುತ್ತದೆ. ಜ್ಯಾಂ ನಿಚ್ ಎಂಬ ವಿಜ್ಞಾನಿ 1950ರಲ್ಲಿ ಎಳೆಯ ಕಾಯಿಯಿಂದ ಕಾಳುಗಳನ್ನು ಬಿಡಿಸಿ ತೆಗೆದು ನೋಡಿದಾಗ ಬೆಳವಣಿಗೆ ಅಲ್ಲಿಗೇ ನಿಂತಿತು. ಉಳಿಸಿದ ಕಡೆಯಷ್ಟೇ ಹಣ್ಣು ಉಬ್ಬಿತು. ನಿಮ್ಮ ಕುಂಡದಲ್ಲಿ ಸೊಟ್ಟ ಹಣ್ಣು ಬಂದರೆ ತಳಿಯನ್ನು ದೂರುವ ಮೊದಲು ತಾರಸಿಗೆ ಜೇನು ಬರುತ್ತಿದೆಯೇ ನೋಡಿ. ಪಕ್ಕದ ಕುಂಡದಲ್ಲಿ ನಾಲ್ಕು ತುಳಸಿ, ಎರಡು ಸೂರ್ಯಕಾಂತಿ ಇದ್ದರೆ ತುಡುವೆ, ನಸರಿ ಜೇನು ತಾವಾಗಿ ಹಾದಿ ಹಿಡಿಯುತ್ತವೆ. ಜೇನು ಬಾರದ ಎತ್ತರದ ಬಾಲ್ಕನಿಯಲ್ಲಿ ಮೆತ್ತನೆಯ ಕುಂಚದಿಂದ ಹೂವಿನ ನಡುವನ್ನು ಸುತ್ತ ಸವರಿದರೂ ನಡೆಯುತ್ತದೆ.

ಕಳೆದ ಜನವರಿಯ ಒಂದು ಬೆಳಗ್ಗೆ ಅಂಗಡಿಯಿಂದ ತಂದ ಹಣ್ಣೊಂದನ್ನೂ ಕುಂಡದ ಸ್ವೀಟ್ ಚಾರ್ಲಿಯೊಂದನ್ನೂ ಅಮ್ಮನ ಮುಂದೆ ತಟ್ಟೆಯಲ್ಲಿಟ್ಟೆ. ಅಂಗಡಿಯದು ಗಾತ್ರದಲ್ಲಿ ಎರಡರಷ್ಟಿತ್ತು. ಅಮ್ಮ ಅದನ್ನು ಕಚ್ಚಿ, ‘ಹುಣಸೆಕಾಯಿ ಆಗಿದೆಯಲ್ಲೋ’ ಎಂದಳು. ಚಿಕ್ಕದನ್ನು ಬಾಯಿಗಿಟ್ಟವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: ‘ಇದರ ಹೆಸರೇನು?’ ಮಾವಿನ ಮಂಡಿಯಲ್ಲಿ ಅರವತ್ತು ವರ್ಷ ಅವಳು ಕೇಳಿಕೊಂಡು ಬಂದ ಪ್ರಶ್ನೆ ಅದು.

ಈ ದಸರೆಗೆ ಮುಂಚೆ ನೀವೂ ನರ್ಸರಿಗೆ ಹೋದಾಗ ಅದೇ ಪ್ರಶ್ನೆ ಕೇಳಿ. ಹೆಸರು ಹೇಳದವರಲ್ಲಿ ಗಿಡ ಕೊಳ್ಳಬೇಡಿ. ಒಂದೇ ತಳಿಯ ಹನ್ನೆರಡು ಗಿಡದ ಬದಲು ಎರಡು ತಳಿಯ ಆರಾರು ಗಿಡ ತನ್ನಿ. ಕುಂಡದ ಮೇಲೆ ಹೆಸರು ಬರೆದು ಅಂಟಿಸಿ, ಮೊದಲ ಹೂವಿನ ದಿನ, ಮೊದಲ ಹಣ್ಣಿನ ರುಚಿ ಗುರುತು ಹಾಕಿಕೊಳ್ಳಿ. ಕುಂಡದ ಒಂದು ಗಿಡ ಋತುವಿಗೆ ಕಾಲು ಕಿಲೋ ಹಣ್ಣು ಕೊಟ್ಟರೆ ಅದು ಒಳ್ಳೆಯ ಬೆಳೆ. ಮಾರ್ಚಿನಲ್ಲಿ ಯಾವ ತಳಿ ನಿಮ್ಮ ತಾರಸಿಯ ಚಳಿಗೆ ಒಗ್ಗಿತೆಂದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ನಿಮಗೇ ತಿಳಿದಿರುತ್ತದೆ. ಅದರ ಹಂಬಿನ ಒಂದು ಮರಿಯನ್ನು ಹೆಸರಿನ ಸಮೇತ ಪಕ್ಕದ ಮನೆಗೆ ಕೊಡಿ.